ಹಡಗು ಹತ್ತದೆ ನೋಡಿದ ಗ್ಯಾಲಪಗೋಸ್

ಗ್ಯಾಲಪಗೋಸ್ ಅಂದರೆ ಐಷಾರಾಮಿ ಹಡಗು, ವಾರಕ್ಕೆ ಲಕ್ಷಗಟ್ಟಲೆ ಖರ್ಚು ಅಂತ ತುಂಬಾ ಜನ ತಿಳಿದಿದ್ದಾರೆ. ನನಗೂ ಹಾಗೇ ಹೇಳಿದವರು ಜಾಸ್ತಿ. ನಾನು ಬೆನ್ನಿಗೊಂದು ಚೀಲ ಏರಿಸಿಕೊಂಡು, ಒಬ್ಬಳೇ ಹೋದೆ. ಅಲ್ಲಿನ ಊರುಗಳಲ್ಲಿ ಅಗ್ಗದ ಹಾಸ್ಟೆಲ್ ಹಿಡಿದು ಉಳಿದೆ. ಊರಿನವರು ಓಡಾಡುವ ದೋಣಿಯಲ್ಲೇ ದ್ವೀಪದಿಂದ ದ್ವೀಪಕ್ಕೆ ಹೋದೆ. ಹೀಗೆ ಹೋಗಲು ಆಗುತ್ತದೆ, ಚೆನ್ನಾಗಿಯೂ ಇರುತ್ತದೆ. ಹೇಗೆ ಅನ್ನುವುದನ್ನು ಹೇಳುತ್ತೇನೆ.

ಈ ದ್ವೀಪಗಳು ಈಕ್ವೆಡಾರ್ ದೇಶಕ್ಕೆ ಸೇರಿದವು. ತೀರದಿಂದ ಸುಮಾರು 1000 ಕಿಲೋಮೀಟರ್ ದೂರ, ಪೆಸಿಫಿಕ್ ಸಾಗರದ ಮಧ್ಯೆ ಇವೆ. 1959ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನೆಲದ ಶೇಕಡ 97ರಷ್ಟು ಉದ್ಯಾನಕ್ಕೇ ಸೇರಿದೆ. ಊರುಗಳಿರುವುದು ನಾಲ್ಕೇ ದ್ವೀಪಗಳಲ್ಲಿ: ಸಾಂತಾ ಕ್ರೂಸ್, ಸಾನ್ ಕ್ರಿಸ್ತೋಬಾಲ್, ಇಸಬೆಲಾ, ಫ್ಲೋರಿಯಾನಾ. ನಮ್ಮಂಥವರು ತಂಗುವುದು ಇಲ್ಲೇ. ಉಳಿದ ಕಡೆ ರಾತ್ರಿ ಇರಲು ಬಿಡುವುದಿಲ್ಲ. ಹಗಲಲ್ಲಿ ಗೈಡ್ ಜೊತೆ ಹೋಗಿ ಬರಬಹುದು, ಅಷ್ಟೇ.

ಖರ್ಚಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಬೆಂಗಳೂರಿನಿಂದ ಈಕ್ವೆಡಾರ್‌ನ ಕೀಟೋ ಅಥವಾ ಗ್ವಾಯಾಕಿಲ್ ನಗರದ ತನಕದ ವಿಮಾನವೇ ದೊಡ್ಡ ಹೊರೆ. ಅದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಾನು ಇದನ್ನು ದಕ್ಷಿಣ ಅಮೆರಿಕದ ಉದ್ದನೆಯ ಸುತ್ತಾಟದೊಳಗೆ ಸೇರಿಸಿಕೊಂಡಿದ್ದೆ. ವೀಸಾ ಕೆಲಸವನ್ನು ಬೇಗ ಶುರು ಮಾಡಿ. ದ್ವೀಪಕ್ಕೆ ವಿಮಾನ ಹತ್ತುವ ಮೊದಲು 20 ಡಾಲರ್ ಕೊಟ್ಟು ಪ್ರಯಾಣದ ಕಾರ್ಡ್ ಮಾಡಿಸಬೇಕು. ಇಳಿದ ಮೇಲೆ ಉದ್ಯಾನದ ಪ್ರವೇಶ ಶುಲ್ಕ ಕಟ್ಟಬೇಕು. 100 ಡಾಲರ್ ಇದ್ದದ್ದು 2024ರ ಆಗಸ್ಟ್‌ನಿಂದ 200 ಆಗಿದೆ. ನಗದು ಕೈಯಲ್ಲಿರಲಿ. ದೇಶದ ಹಣವೇ ಅಮೆರಿಕದ ಡಾಲರ್, ಹಾಗಾಗಿ ಹಣ ಬದಲಿಸುವ ತಾಪತ್ರಯ ಇಲ್ಲ. ಈ 200 ಡಾಲರ್ ಬಗ್ಗೆ ಗೊಣಗುವವರು ಸಿಗುತ್ತಾರೆ. ನಾನು ಸಂತೋಷವಾಗಿಯೇ ಕೊಟ್ಟೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ವಿಮಾನ ನಿಲ್ದಾಣದಲ್ಲಿ ಚೀಲವನ್ನು ಬಿಚ್ಚಿಸಿ ನೋಡುತ್ತಾರೆ. ಬೀಜ, ಹಸಿ ಹಣ್ಣು, ಗಿಡ, ಮಣ್ಣು ಏನೂ ಹೋಗುವಂತಿಲ್ಲ. ಬೂಟಿನ ಅಡಿಯನ್ನೂ ತಿಕ್ಕಿ ತೊಳೆದುಕೊಂಡು ಹೋಗಿ. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಲಂಟಾನ ಏನು ಮಾಡಿದೆ ಅಂತ ನಾವು ಕಣ್ಣಾರೆ ನೋಡಿದ್ದೇವೆ ಅಲ್ವಾ? ಅದೇ ಲಂಟಾನ ಫ್ಲೋರಿಯಾನಾ ದ್ವೀಪದಲ್ಲೂ ಹಬ್ಬಿದೆ. ಯಾರೋ ಅಂದಕ್ಕೆ ಅಂತ ತಂದು ನೆಟ್ಟ ಗಿಡ. ಇನ್ನು ಮೇಕೆಗಳ ಕಥೆಯೇ ಬೇರೆ. ನಾವಿಕರು ಬಿಟ್ಟುಹೋದ ಮೇಕೆಗಳು ಹೆಚ್ಚಿ, ಆಮೆಗಳಿಗೆ ಮೇವೇ ಇಲ್ಲದಂತೆ ಮಾಡಿದ್ದವು. ಇಸಬೆಲಾದ ಉತ್ತರ ಭಾಗ ಮತ್ತು ಸಾಂತಿಯಾಗೋ ದ್ವೀಪದಿಂದ ಅವನ್ನು ತೆಗೆಯುವ ಕೆಲಸ 2006ರ ಹೊತ್ತಿಗೆ ಮುಗಿಯಿತು. ಲಕ್ಷಕ್ಕೂ ಮೀರಿ ಮೇಕೆಗಳನ್ನು ಕೊಲ್ಲಬೇಕಾಯಿತು. ಕಟ್ಟಿದ ಶುಲ್ಕ ಇಂಥ ಕೆಲಸಕ್ಕೆ ಆಸರೆ.

ಈಗ ಜನರ ವಿಷಯ. ನನಗೆ ಹೇಳಲು ಜಾಸ್ತಿ ಇಷ್ಟ ಇರುವುದು ಇದೇ.

ದ್ವೀಪಗಳ ನಡುವೆ ‘ಲಾಂಚಾ’ ಎನ್ನುವ ಸಣ್ಣ ಮೋಟಾರು ದೋಣಿಗಳು ಓಡುತ್ತವೆ. ಬೆಳಿಗ್ಗೆ 7ಕ್ಕೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ. ಎರಡು ಗಂಟೆಯ ಹಾದಿ, 30 ಡಾಲರ್ ಆಸುಪಾಸು. ಸಾನ್ ಕ್ರಿಸ್ತೋಬಾಲ್‌ನಿಂದ ಇಸಬೆಲಾಗೆ ನೇರ ದೋಣಿ ಇಲ್ಲ. ನಡುವೆ ಸಾಂತಾ ಕ್ರೂಸ್‌ನ ಪೋರ್ತೋ ಅಯೋರಾ ಊರಿನಲ್ಲಿ ಇಳಿಯಲೇಬೇಕು. ಬೆಳಗಿನ ದೋಣಿಯಲ್ಲಿ ಬಂದವರು 9ಕ್ಕೆ ಇಳಿಯುತ್ತಾರೆ, ಮುಂದಿನದು 3ಕ್ಕೆ. ಅಷ್ಟು ಹೊತ್ತು ಎಲ್ಲರೂ ಚೀಲ ಇಟ್ಟುಕೊಂಡು ಅದೇ ಕಟ್ಟೆ, ಅದೇ ಬೀದಿ, ಅದೇ ಕಾಫಿ ಅಂಗಡಿ. ಮಾತಿಗೆ ಸಿಗದೆ ಎಲ್ಲಿ ಹೋಗುತ್ತಾರೆ? ಒಂದು ದೋಣಿಯಲ್ಲಿ ಪಕ್ಕ ಕೂತು ಹೊಟ್ಟೆ ತೊಳಸಿ ಒದ್ದಾಡಿದವರು, ಮೂರು ದಿನ ಬಿಟ್ಟು ಇನ್ನೊಂದು ದ್ವೀಪದಲ್ಲಿ ಎದುರಾಗುತ್ತಾರೆ. ಆಗ ಹಳೇ ಪರಿಚಯದವರ ಹಾಗೆ ಕೈಬೀಸುತ್ತಾರೆ. ದೊಡ್ಡ ಊರಿನ ಹಾಸ್ಟೆಲ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬೆಳಿಗ್ಗೆ ಹೋದವರು ಹೋದರು.

ಅಂದ ಹಾಗೆ ದೋಣಿಯಲ್ಲಿ ಹಿಂಭಾಗದಲ್ಲಿ ಕೂತುಕೊಳ್ಳಿ, ಕುಲುಕಾಟ ಕಡಿಮೆ. ಹತ್ತುವ ಅರ್ಧ ಗಂಟೆ ಮೊದಲು ವಾಂತಿ ತಡೆಯುವ ಮಾತ್ರೆ ನುಂಗಿ. ಜೂನ್‌ನಿಂದ ನವೆಂಬರ್ ತನಕ ಕಡಲು ಒರಟು.

ಜೊತೆಗಾರರು ಬೇಕಾಗುವುದು ಬರೀ ಹರಟೆಗಲ್ಲ. ಸಾಂತಾ ಕ್ರೂಸ್‌ನ ಮೇಲ್ಭಾಗದಲ್ಲಿ ದೈತ್ಯ ಆಮೆಗಳು ಕಾಡಿನಿಂದ ಹೊಲಗಳಿಗೆ ತಾವಾಗಿಯೇ ನಡೆದು ಬರುತ್ತವೆ. ಅಲ್ಲಿಗೆ ಹೋಗಲು ಬಿಳಿ ಪಿಕಪ್ ಟ್ಯಾಕ್ಸಿ ಹಿಡಿಯಬೇಕು. ಒಬ್ಬರೇ ಹೋದರೆ ಜೇಬಿಗೆ ಭಾರ, ನಾಲ್ವರು ಸೇರಿದರೆ ಸಲೀಸು. ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಹಿಂದಿನ ರಾತ್ರಿ ‘ನಾಳೆ ಆಮೆ ನೋಡಲು ಯಾರು ಬರುತ್ತೀರಿ?’ ಅಂತ ಕೇಳಿದೆ. ಕೆನಡಾದ ನಿವೃತ್ತ ನರ್ಸ್ ಒಬ್ಬರು, ಚಿಲಿಯ ಗಂಡ-ಹೆಂಡತಿ ಕೈ ಎತ್ತಿದರು. ಆ ನರ್ಸ್‌ಗೆ ಎಪ್ಪತ್ತು ದಾಟಿತ್ತು. ಆಮೆಗಿಂತ ನಿಧಾನ ನಡೆಯುತ್ತಿದ್ದರು. ಅವರ ದೆಸೆಯಿಂದ ನಾವು ಒಂದೇ ಆಮೆಯ ಎದುರು ತುಂಬಾ ಹೊತ್ತು ನಿಂತೆವು. ಅದು ಬಾಯಿ ತೆರೆದು ಹುಲ್ಲು ಕಿತ್ತು ಜಗಿಯುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬೇಗ ಬೇಗ ಫೋಟೋ ತೆಗೆದು ಹೊರಟವರಿಗೆ ಅದು ಸಿಕ್ಕಿರಲಿಕ್ಕಿಲ್ಲ.

ಗೈಡ್ ಕಡ್ಡಾಯ ಇರುವ ಕಡೆಗೂ ಇದೇ ಲೆಕ್ಕ. ಗುಂಪು ತುಂಬಿದರೆ ಮಾತ್ರ ದೋಣಿ ಹೊರಡುತ್ತದೆ. ಹಾಗಾಗಿ ದಿನದ ಪ್ರವಾಸಗಳನ್ನು ನಾನು ಮುಂಚೆ ಬುಕ್ ಮಾಡಲಿಲ್ಲ. ಅಲ್ಲಿಗೆ ಹೋದ ಮೇಲೆ, ಆಗಲೇ ಹೋಗಿ ಬಂದವರನ್ನು ಕೇಳಿ ತೀರ್ಮಾನ ಮಾಡಿದೆ. ಗೈಡ್‌ಗೆ ಕೊಡುವ ಹಣದಲ್ಲಿ ಚೌಕಾಸಿ ಮಾಡಬೇಡಿ ಅನ್ನುವುದು ನನ್ನ ಮಾತು. ಊಟ, ಹಾಸಿಗೆ ಎಲ್ಲಿ ಬೇಕಾದರೂ ಉಳಿಸಿ. ಸಿಯೆರಾ ನೆಗ್ರಾ ಜ್ವಾಲಾಮುಖಿಯ ಬಾಯಿ ಸುಮಾರು 10 ಕಿಲೋಮೀಟರ್ ಅಗಲ. 2018ರಲ್ಲಿ ಅದು ಉಗುಳಿದ ಲಾವಾ ಬಗ್ಗೆ, ಇಸಬೆಲಾದಲ್ಲೇ ಹುಟ್ಟಿ ಬೆಳೆದ ಗೈಡ್ ಹೇಳುವುದನ್ನು ಕೇಳಬೇಕು. ಕಡಲ ಇಗ್ವಾನಾಗಳ ಬಗ್ಗೆ ತಿಳಿದದ್ದೂ ಅವರಿಂದಲೇ. ಸಮುದ್ರದಲ್ಲಿ ಮೇಯುವ ಹಲ್ಲಿ ಜಾತಿ ಇದೊಂದೇ. ಪಾಚಿ ತಿನ್ನುತ್ತವೆ, ಹೆಚ್ಚಾದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತವೆ. ಎಲ್ ನಿನ್ಯೋ ವರ್ಷಗಳಲ್ಲಿ ನೀರು ಬಿಸಿಯಾಗಿ ಪಾಚಿ ಸಿಗದಿದ್ದರೆ ಅವುಗಳ ಮೈ ಉದ್ದವೇ ಕುಗ್ಗುತ್ತದೆ, ಶೇಕಡ 20ರ ತನಕ. ಮೇವು ಸಿಕ್ಕ ಮೇಲೆ ಮತ್ತೆ ಬೆಳೆಯುತ್ತವೆ.

ದುಡ್ಡು ಕೊಡದೆ ನೋಡುವುದೂ ಬೇಕಾದಷ್ಟಿದೆ. ಪೋರ್ತೋ ಅಯೋರಾದ ಮೀನು ಕಟ್ಟೆಯಲ್ಲಿ ಹೆಂಗಸರು ಮೀನು ಕೊಯ್ಯುತ್ತಿದ್ದರೆ ಕಡಲಸಿಂಹ ಅವರ ಕಾಲಿಗೆ ಒರಗಿಕೊಂಡು ಕಾಯುತ್ತದೆ, ಹಿಂದೆ ಹೆಜ್ಜಾರ್ಲೆಗಳ ಸಾಲು. ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಮೇಲೆ ನೋಡಿದ ಹಕ್ಕಿಯ ನೆಂಟರು ಇಲ್ಲಿ ಮೊಣಕಾಲಿನ ಪಕ್ಕ. ಊರಿನಿಂದ ಎರಡೂವರೆ ಕಿಲೋಮೀಟರ್ ಕಲ್ಲುಹಾದಿಯಲ್ಲಿ ನಡೆದರೆ ತೊರ್ತುಗಾ ಬೇ ಕಡಲತೀರ. ಇಸಬೆಲಾದಲ್ಲಿ ಕೊಂಚಾ ದೆ ಪೆರ್ಲಾ ಎಂಬ ಕೊಲ್ಲಿಯಿದೆ, ದೋಣಿಕಟ್ಟೆಯ ಪಕ್ಕದಲ್ಲೇ. ಕನ್ನಡಕ, ಉಸಿರುಕೊಳವೆ ಬಾಡಿಗೆಗೆ ತಗೊಂಡು ಇಳಿದರೆ ಆಯಿತು. ಅಲ್ಲಿ ಪೆಂಗ್ವಿನ್ ಒಂದು ನನ್ನ ಮುಖದ ಮುಂದೆಯೇ ಮೀನು ಅಟ್ಟಿಸಿಕೊಂಡು ಹೋಯಿತು. ಸಮಭಾಜಕದ ಮೇಲೆ ಪೆಂಗ್ವಿನ್! ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹ, ಪಶ್ಚಿಮದಿಂದ ಅಡಿಯಲ್ಲಿ ಬಂದು ಮೇಲೇಳುವ ಕ್ರಾಮ್‌ವೆಲ್ ಪ್ರವಾಹ, ಎರಡೂ ತಣ್ಣೀರು ತರುತ್ತವೆ. ಅದಕ್ಕೇ ಅವು ಇಲ್ಲಿ ಬದುಕಿವೆ. ನಮಗೂ ಚಳಿ ಹತ್ತುತ್ತದೆ, ತಣ್ಣಗಿನ ತಿಂಗಳುಗಳಲ್ಲಿ ಈಜುವ ದಪ್ಪ ಉಡುಪು ಬೇಕು.

ನಿಯಮ ಒಂದಿದೆ: ಯಾವ ಪ್ರಾಣಿಯಿಂದಲೂ 2 ಮೀಟರ್ ದೂರ. ಅವು ಹೆದರಿ ಓಡುವುದಿಲ್ಲ, ಹಾಗಾಗಿ ಹಿಂದೆ ಸರಿಯುವ ಕೆಲಸ ನಮ್ಮದೇ. ಕಡಲಸಿಂಹದ ಮರಿ ಹತ್ತಿರ ಬಂದರೂ ಕೈ ಹಚ್ಚಬಾರದು. ಸಾನ್ ಕ್ರಿಸ್ತೋಬಾಲ್‌ನಲ್ಲಿ ದಂಡೆಯ ಬೆಂಚುಗಳೆಲ್ಲ ಅವಕ್ಕೇ ಸೇರಿವೆ. ರಾತ್ರಿ ಮರಿಗಳು ಕರು ಅಂಬಾ ಅಂದ ಹಾಗೆ ತಾಯಿಯನ್ನು ಕರೆಯುತ್ತವೆ. ಬೀಚ್ ಕಡೆಯ ರೂಮು ತಗೊಂಡರೆ ನಿದ್ದೆ ಕಷ್ಟ. ನನಗೆ ಆ ಸದ್ದು ಬೇಕಿತ್ತು, ತಗೊಂಡೆ.

ಸಸ್ಯಾಹಾರಿಗಳು ಊಟಕ್ಕೆ ಹೆದರಬೇಕಿಲ್ಲ. ಮಧ್ಯಾಹ್ನ ‘ಅಲ್ಮುಯೆರ್ಸೋ’ ಕೇಳಿ. ಸೂಪು, ಅನ್ನದ ತಟ್ಟೆ, ಜ್ಯೂಸು ಸೇರಿ ಒಂದೇ ದರ, ಹೋಟೆಲ್ ಊಟಗಳಲ್ಲೇ ಅಗ್ಗ. ಮಾಂಸದ ಬದಲು ‘ಮೆನೆಸ್ತ್ರಾ’ ಕೇಳಿದರೆ ಮಸೂರವನ್ನೋ ಬೀನ್ಸ್ ಕಾಳನ್ನೋ ಗಟ್ಟಿಯಾಗಿ ಬೇಯಿಸಿದ್ದು ಬಡಿಸುತ್ತಾರೆ. ಬಾಳೆಕಾಯಿ ಜಜ್ಜಿ ಕರಿದದ್ದು ಪಕ್ಕಕ್ಕೆ. ಸಂಜೆ ಪೋರ್ತೋ ಅಯೋರಾದ ಕಿಯೋಸ್ಕ್ ಬೀದಿಯಲ್ಲಿ ರಸ್ತೆ ಮಧ್ಯಕ್ಕೇ ಉದ್ದುದ್ದ ಮೇಜು ಹಾಕುತ್ತಾರೆ. ಯಾರ ಪಕ್ಕ ಯಾರು ಬೇಕಾದರೂ ಕೂರಬೇಕು.

ಅಲ್ಲಿಯೇ ನನಗೊಂದು ಅಂಚೆ ಕಾರ್ಡು ಸಿಕ್ಕಿದ್ದು. ಫ್ಲೋರಿಯಾನಾದ ಪೋಸ್ಟ್ ಆಫೀಸ್ ಬೇ ಎಂಬಲ್ಲಿ ಒಂದು ಮರದ ಪೀಪಾಯಿಯಿದೆ. ತಿಮಿಂಗಿಲ ಬೇಟೆಗೆ ಬರುತ್ತಿದ್ದ ಹಡಗಿನವರು ಹದಿನೆಂಟನೇ ಶತಮಾನದ ಕೊನೆಗೆ ಶುರುಮಾಡಿದ ಅಂಚೆ ಅದು. ಸ್ಟಾಂಪು ಇಲ್ಲದ ಕಾಗದವನ್ನು ಅದರಲ್ಲಿ ಹಾಕಿ ಹೋಗುತ್ತಾರೆ. ಆಮೇಲೆ ಬಂದವರು ತಮ್ಮೂರಿನ ಕಡೆಯ ವಿಳಾಸ ಇದ್ದರೆ ಒಯ್ದು ಕೈಯಾರೆ ತಲುಪಿಸುತ್ತಾರೆ. ಅದು ಇವತ್ತಿಗೂ ನಡೆಯುತ್ತಿದೆ. ಹಡಗಿನಲ್ಲಿ ಅಲ್ಲಿಗೆ ಹೋಗಿದ್ದ ಜರ್ಮನ್ ಹುಡುಗಿಯೊಬ್ಬಳು ನನ್ನ ಎದುರು ಕೂತಿದ್ದಳು. ಮುಂದಿನ ವರ್ಷ ಭಾರತಕ್ಕೆ ಬರುವ ಯೋಚನೆಯಲ್ಲಿ ಭಾರತದ ವಿಳಾಸದ ಕಾರ್ಡ್ ಒಂದನ್ನು ಎತ್ತಿಕೊಂಡು ಬಂದಿದ್ದಳು. ನೋಡಿದರೆ ಮೈಸೂರಿನದು! ‘ನೀನೇ ಬೇಗ ತಲುಪಿಸುತ್ತೀಯ’ ಅಂತ ನನ್ನ ಕೈಗೆ ಕೊಟ್ಟಳು.

ಊರಿಗೆ ಬಂದ ಮೇಲೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದ ಅಜ್ಜಿ ಕಾರ್ಡ್ ತಿರುಗಿಸಿ ತಿರುಗಿಸಿ ನೋಡಿದರು. ‘ನಮ್ಮ ಮೊಮ್ಮಗಳ ಅಕ್ಷರ! ಒಳಗೆ ಬಾಮ್ಮಾ, ಇದು ನಿನ್ನ ಕೈಗೆ ಹೇಗೆ ಬಂತು ಹೇಳು’ ಅಂದರು. ಮೊಮ್ಮಗಳು ಅಮೆರಿಕದಲ್ಲಿದ್ದಳು. ಅಜ್ಜಿ ಅವಳಿಗೆ ಆಗಲೇ ವಿಡಿಯೋ ಕರೆ ಮಾಡಿಸಿದರು. ಅಲ್ಲಿ ಮಧ್ಯರಾತ್ರಿ ದಾಟಿತ್ತು, ಆದರೂ ನಾವು ಮೂವರೂ ಆಮೆಗಳ ಬಗ್ಗೆ ಮಾತಾಡಿದೆವು. ಅವಳಿಗೆ ಡಿಯೇಗೋ ಎಂಬ ಗಂಡಾಮೆಯ ಕಥೆ ಚೆನ್ನಾಗಿ ಗೊತ್ತಿತ್ತು. ಎಸ್ಪಾನ್ಯೋಲಾ ದ್ವೀಪದಲ್ಲಿ ಆ ಜಾತಿಯ 14 ಆಮೆ ಮಾತ್ರ ಉಳಿದಿದ್ದಾಗ, ಅವನ್ನು ಸಾಂತಾ ಕ್ರೂಸ್‌ನಲ್ಲಿ ಮರಿ ಮಾಡಿಸುವ ಕೇಂದ್ರಕ್ಕೆ ಒಯ್ದು, ಅಮೆರಿಕದ ಸ್ಯಾನ್ ಡಿಯೇಗೋ ಮೃಗಾಲಯದಿಂದ ಡಿಯೇಗೋನನ್ನೂ ಅಲ್ಲಿಗೆ ಕರೆತಂದಿದ್ದರು. ಸಂತತಿ ಬೆಳೆದ ಮೇಲೆ, 2020ರಲ್ಲಿ ಅವನನ್ನೂ ಉಳಿದವುಗಳನ್ನೂ ತಮ್ಮ ದ್ವೀಪಕ್ಕೆ ಬಿಟ್ಟರು.

ಹೋಗುವವರಿಗೆ ಇನ್ನೊಂದು ಮಾತು. ಸಾಂತಾ ಕ್ರೂಸ್ ಪಕ್ಕದ ಬಾಲ್ಟ್ರಾ ದ್ವೀಪದ ವಿಮಾನ ನಿಲ್ದಾಣದಲ್ಲಿ ಇಳಿದು, ವಾಪಸ್ ವಿಮಾನವನ್ನು ಸಾನ್ ಕ್ರಿಸ್ತೋಬಾಲ್‌ನಿಂದ ಹಿಡಿಯಿರಿ. ಒಂದು ದೋಣಿಯ ಖರ್ಚು, ಅರ್ಧ ದಿನ ಉಳಿಯುತ್ತದೆ. ಅಲ್ಲಿನ ವಿಮಾನ ನಿಲ್ದಾಣಕ್ಕೆ ಊರಿನಿಂದ ಚೀಲ ಹೊತ್ತು ನಡೆದೇ ಹೋಗಬಹುದು. ಆ ಉಳಿದ ಅರ್ಧ ದಿನದಲ್ಲಿ ತಿಹೆರೆತಾಸ್ ಗುಡ್ಡ ಹತ್ತಿ, ಕೆಳಗಿನ ಕೊಲ್ಲಿಯಲ್ಲಿ ಇನ್ನೊಮ್ಮೆ ಈಜಿ. ಹಾಸ್ಟೆಲ್‌ನಲ್ಲಿ ಸುಮ್ನೆ ಕೂತವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.