ಇಂಟರ್ನ್‌ಶಿಪ್‌ನ 16 ವಾರ: ಮುಂಬಯಿಯ ಕನ್ನಡ ಶಾಲೆಗೆ ಹೊರಟ ಬಿ.ಎಡ್. ವಿದ್ಯಾರ್ಥಿಗಳಿಗೆ

ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ) 2014ರ ನಿಯಮಾವಳಿ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿರಬೇಕು: ಮೊದಲ ವರ್ಷ 4, ಎರಡನೇ ವರ್ಷ 16. ಹಾಜರಿ ಶೇ. 90 ಇರಲೇಬೇಕು. ವಾರಕ್ಕೆ ಆರು ದಿನದ ಲೆಕ್ಕದಲ್ಲಿ 16 ವಾರಕ್ಕೆ 96 ದಿನ, ತಪ್ಪಿಸಿಕೊಳ್ಳಲು ಸಿಗುವುದು ಒಂಬತ್ತೇ ದಿನ. ಹಬ್ಬದ ರಜೆ ಕಳೆದರೆ ಅದೂ ಕಡಿಮೆಯಾಗುತ್ತದೆ. ಜುಲೈ ಮಳೆಗೆ ಕುರ್ಲಾ, ಸಾಯನ್‌ಗಳಲ್ಲಿ ಹಳಿ ಮುಳುಗಿ ಲೋಕಲ್ ನಿಂತರೆ ಎರಡು ದಿನ ಹಾಗೇ ಹೋಗುತ್ತವೆ. ಆದ್ದರಿಂದ ಮದುವೆ ಮುಂಜಿಗೆಂದು ಮೊದಲ ತಿಂಗಳಲ್ಲೇ ರಜೆ ಖರ್ಚು ಮಾಡಬೇಡಿ. ತಡವಾಗುವುದು ಖಚಿತವಾದರೆ ಪರಿಪಾಠ (ಬೆಳಗಿನ ಪ್ರಾರ್ಥನಾ ಸಭೆ) ಶುರುವಾಗುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ. ಆಮೇಲೆ ಹೇಳುವ ಕಾರಣ ಎಷ್ಟೇ ನಿಜವಾಗಿದ್ದರೂ, ಅಷ್ಟರಲ್ಲಿ ನಿಮ್ಮ ತಾಸಿಗೆ (ಪೀರಿಯಡ್‌ಗೆ) ಬೇರೆಯವರು ಓಡಬೇಕಾಗಿ ಬಂದಿರುತ್ತದೆ.

ಶಾಲೆಗೆ ಹೋಗುವ ಮೊದಲು ಕಾಲೇಜಿನಿಂದ ಪಾಠ ನಿರೀಕ್ಷಣಾ ಪತ್ರಿಕೆಯ (ನಿಮ್ಮ ಪಾಠ ನೋಡಿ ಅಂಕ ಕೊಡುವ ನಮೂನೆಯ) ಖಾಲಿ ಪ್ರತಿಯನ್ನು ಕೇಳಿ ಪಡೆಯಿರಿ. ಅಂಕಗಳ ಹಂಚಿಕೆ ಕಾಲೇಜಿನಿಂದ ಕಾಲೇಜಿಗೆ ಬೇರೆ. ಆದರೆ ಎಲ್ಲ ಪತ್ರಿಕೆಗಳೂ ಸುತ್ತಿ ಬಳಸಿ ಕೇಳುವುದು ಒಂದನ್ನೇ: ಮಕ್ಕಳು ಕಲಿತರೇ, ಕಲಿತದ್ದು ನಿಮಗೆ ಗೊತ್ತಾದದ್ದು ಹೇಗೆ? ನಿರರ್ಗಳವಾಗಿ ಮಾತಾಡಿ ಕಡಿಮೆ ಅಂಕ ಪಡೆಯುವವರು ಎಡವುವುದು ಇಲ್ಲೇ.

ಪಾಠ ಯೋಜನೆಯ ಉದ್ದೇಶದಿಂದಲೇ ಇದು ಶುರು. ‘ಮಕ್ಕಳು ಭಿನ್ನರಾಶಿಗಳ ಸಂಕಲನವನ್ನು ತಿಳಿದುಕೊಳ್ಳುವರು’ ಎಂದು ಬರೆದರೆ ಅದನ್ನು ಅಳೆಯುವ ದಾರಿಯಿಲ್ಲ. ‘ಛೇದ ಬೇರೆಯಿರುವ ಎರಡು ಭಿನ್ನರಾಶಿಗಳನ್ನು ಸಮಚ್ಛೇದ ಮಾಡಿ ಕೂಡಿಸುವರು, ಐದು ಲೆಕ್ಕದಲ್ಲಿ ನಾಲ್ಕು ಸರಿ’ ಎಂದು ಬರೆಯಿರಿ. ಕೊನೆಯ ಐದು ನಿಮಿಷಕ್ಕೆ ಏನು ಕೊಡಬೇಕೆಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಅದೇ ಪಾಠದಲ್ಲಿ 1/2 + 1/3 ಕೊಟ್ಟರೆ ಯಾರಾದರೂ 2/5 ಎನ್ನುವುದು ಹೆಚ್ಚುಕಡಿಮೆ ಖಂಡಿತ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ‘ತಪ್ಪು, ಕೂತ್ಕೋ’ ಎಂದು ಮುಂದಿನ ಮಗುವಿನ ಕಡೆ ತಿರುಗಿದರೆ ನಿಮ್ಮ ಪಾಠದ ಅತ್ಯಂತ ಬೆಲೆಬಾಳುವ ಎರಡು ನಿಮಿಷ ಕೈತಪ್ಪಿದಂತೆ. ‘ನಿನ್ನ ಹತ್ತಿರ ಅರ್ಧ ಚಪಾತಿ ಇದೆ, ನಾನು ಇನ್ನೂ ಒಂದಿಷ್ಟು ಕೊಟ್ಟೆ. ಈಗ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಎಂದು ಕೇಳಿ. ಹೆಚ್ಚು ಎನ್ನುತ್ತದೆ ಮಗು. ಐದು ಭಾಗ ಮಾಡಿದ ಕಾಗದದ ಪಟ್ಟಿಯಲ್ಲಿ ಎರಡು ಭಾಗಕ್ಕೆ ಬಣ್ಣ ಹಾಕಿಸಿ. ಬಣ್ಣ ಅರ್ಧವನ್ನೂ ಮುಟ್ಟುವುದಿಲ್ಲ. ಆಮೇಲೆ ಅಷ್ಟೇ ಉದ್ದದ, ಆರು ಭಾಗದ ಪಟ್ಟಿ: ಅರ್ಧಕ್ಕೆ ಮೂರು, ಮೂರನೇ ಒಂದಕ್ಕೆ ಎರಡು, ಒಟ್ಟು 5/6. ಈ ಪಟ್ಟಿಗಳನ್ನು ಹಿಂದಿನ ರಾತ್ರಿಯೇ ಮಗುವಿಗೊಂದು ಜೊತೆಯಂತೆ ಕತ್ತರಿಸಿಟ್ಟುಕೊಳ್ಳಿ. ತರಗತಿಯಲ್ಲಿ ಕತ್ತರಿಸಲು ಕೂತರೆ ಏಳೆಂಟು ನಿಮಿಷ ಕಳೆದುಹೋಗುತ್ತದೆ.

35 ನಿಮಿಷದ ತಾಸಿನಲ್ಲಿ ಪೀಠಿಕೆಗೆ 5, ಬೋಧನೆಗೆ 15, ಮಕ್ಕಳ ಕೆಲಸಕ್ಕೆ 10, ಮೌಲ್ಯಮಾಪನಕ್ಕೆ 5 ನಿಮಿಷ ಇಟ್ಟುಕೊಳ್ಳಿ. ಹೊಸಬರ ಪಾಠ ಕೆಡುವುದು ಬಹುಮಟ್ಟಿಗೆ ಪೀಠಿಕೆಯಲ್ಲೇ. ವಿಷಯದ ಹೆಸರು ಮಕ್ಕಳ ಬಾಯಿಂದಲೇ ಬರಲೆಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ 12 ನಿಮಿಷ ದಾಟಿಸುತ್ತಾರೆ, ಗಂಟೆ ಬಾರಿಸಿದಾಗ ಮೌಲ್ಯಮಾಪನ ಉಳಿದೇಹೋಗಿರುತ್ತದೆ. ನಾಲ್ಕನೇ ಪ್ರಶ್ನೆಗೂ ಬರದಿದ್ದರೆ ನೀವೇ ಹೇಳಿಬಿಡಿ, ನಷ್ಟವೇನಿಲ್ಲ.

ಹಲಗೆಯ ಬರಹವನ್ನು ಕೊನೆಯ ಬೆಂಚಿನಲ್ಲಿ ಕೂತು ಓದಿ ನೋಡಿ. ಬಲಗಡೆ ಹೊಸ ಪದಗಳಿಗೆಂದು ಒಂದು ಕಂಬಸಾಲು ಬಿಡಿ.

ಆ ಕಂಬಸಾಲು ಮುಂಬಯಿಯಲ್ಲಿ ಬಹಳ ಮುಖ್ಯ. ಒಂದೇ ತರಗತಿಯಲ್ಲಿ ಮನೆಯಲ್ಲಿ ತುಳು ಮಾತಾಡುವ ಮಗು, ಕಲಬುರಗಿ ಕಡೆಯ ಕನ್ನಡದ ಮಗು, ಬೀದಿಯಲ್ಲಿ ಹಿಂದಿ ಮರಾಠಿಯಲ್ಲೇ ಆಡುವ ಮಗು ಕೂತಿರುತ್ತವೆ. ‘ವಜಾಬಾಕಿ’ ಎಂದ ಮಗುವಿಗೆ ಲೆಕ್ಕ ಬರುತ್ತದೆ, ಪಠ್ಯದ ಪದ ಬರುವುದಿಲ್ಲ ಅಷ್ಟೆ. ಹಲಗೆಯ ಮೇಲೆ ‘ವಜಾಬಾಕಿ, ಕಳೆಯುವುದು, ವ್ಯವಕಲನ’ ಮೂರನ್ನೂ ಬರೆದು ಮೂರನೆಯದನ್ನು ಓದಿಸಿ. ಮಗುವಿನ ಕನ್ನಡವನ್ನು ತಿದ್ದಿ ನಗುವುದು ದೊಡ್ಡ ತಪ್ಪು. ಮರುದಿನದಿಂದ ಆ ಮಗು ಬಾಯಿ ಬಿಡುವುದಿಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯ ಪುಸ್ತಕಗಳನ್ನೇ ಓದಿ ತಯಾರಾಗಿ. ಕರ್ನಾಟಕದ ಪುಸ್ತಕದಲ್ಲಿ ಪಾಠಗಳೂ ಅವುಗಳ ಕ್ರಮವೂ ಬೇರೆ. ಮೌಲ್ಯಮಾಪನದ ಹೆಸರೂ ಬೇರೆ: ಅಲ್ಲಿಯ ರೂಪಣಾತ್ಮಕ (ಕಲಿಕೆಯ ನಡುವೆ ಮಾಡುವುದು), ಸಂಕಲನಾತ್ಮಕಗಳಿಗೆ (ಅವಧಿಯ ಕೊನೆಗೆ ಮಾಡುವುದು) ಇಲ್ಲಿ ಆಕಾರಿಕ, ಸಂಕಲಿತ ಎನ್ನುತ್ತಾರೆ.

ಮಕ್ಕಳ ಸಂಖ್ಯೆ ಇಳಿದಿರುವ ಶಾಲೆಯಲ್ಲಿ ತರಗತಿಗೆ 12–15 ಮಕ್ಕಳಿರಬಹುದು. ಇದು ಸುಲಭವೆಂದುಕೊಳ್ಳಬೇಡಿ. ಅಲ್ಲಿ ಎರಡನೇ ವಾರಕ್ಕೆ ಪ್ರತಿ ಮಗುವಿನ ಹೆಸರು ನಾಲಿಗೆಯ ಮೇಲಿರಬೇಕು, ಪ್ರತಿ ನೋಟ್‌ಬುಕ್ ನೋಡಿರಬೇಕು. ಶಿಕ್ಷಕರು ರಜೆಯಿದ್ದ ದಿನ ಬದಲಿ ತಾಸಿಗೆ ನಿಮ್ಮನ್ನೇ ಕಳಿಸುತ್ತಾರೆ, ಹಾಗಾಗಿ ಸಾಮಗ್ರಿ ಬೇಡದ ಮೂರು ಚಟುವಟಿಕೆ ಯಾವತ್ತೂ ಸಿದ್ಧವಿರಲಿ. ಗದ್ದಲ ಎಷ್ಟೇ ಆದರೂ ಕೈ ಎತ್ತುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹೋಗಬಾರದು, ವ್ಯಕ್ತಿ ಅಧ್ಯಯನದಲ್ಲಿ (ಒಂದು ಮಗುವನ್ನು ಗಮನಿಸಿ ಬರೆಯುವ ವರದಿಯಲ್ಲಿ) ಮಗುವಿನ ನಿಜ ಹೆಸರು ಬರಬಾರದು.

ಘಟಕ ಪರೀಕ್ಷೆಗೆ ನೀಲನಕ್ಷೆ (ಯಾವ ಭಾಗಕ್ಕೆ, ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕವೆಂಬ ಪಟ್ಟಿ) ಮೊದಲು, ಪ್ರಶ್ನೆ ಆಮೇಲೆ. ಪ್ರಶ್ನೆ ಬರೆದು ನಂತರ ನೀಲನಕ್ಷೆ ಹೊಂದಿಸಿದ್ದು ಅನುಭವಿಗಳ ಕಣ್ಣಿಗೆ ತಕ್ಷಣ ಬೀಳುತ್ತದೆ. 20 ಅಂಕದ ಪತ್ರಿಕೆಯನ್ನು ನೀವೇ ಕೂತು ಬರೆದು ನೋಡಿ. ನಿಮಗೆ 15 ನಿಮಿಷ ಹಿಡಿದರೆ ಮಕ್ಕಳಿಗೆ 40 ಬೇಕು. ಫಲಿತಾಂಶದಲ್ಲಿ ಸರಾಸರಿಯೊಂದನ್ನೇ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಪ್ರಶ್ನೆಯಲ್ಲಿ ಎಷ್ಟು ಮಕ್ಕಳು ತಪ್ಪಿದರು ಎಂದು ಎಣಿಸಿ. 14ರಲ್ಲಿ 10 ಮಕ್ಕಳು ಒಂದೇ ಪ್ರಶ್ನೆಯಲ್ಲಿ ತಪ್ಪಿದ್ದರೆ ಒಂದೋ ಪ್ರಶ್ನೆ ಅಸ್ಪಷ್ಟ, ಇಲ್ಲವೇ ಆ ಭಾಗವನ್ನು ಮತ್ತೆ ಕಲಿಸಬೇಕು.

ಮಾರ್ಗದರ್ಶಕ ಶಿಕ್ಷಕರಿಗೂ ಒಂದು ಮಾತು: ‘ಪಾಠ ಚೆನ್ನಾಗಿತ್ತು’ ಎಂಬ ಷರಾದಿಂದ ಯಾರೂ ಕಲಿಯುವುದಿಲ್ಲ. ‘11ನೇ ನಿಮಿಷದಿಂದ ಕಿಟಕಿ ಪಕ್ಕದ ಸಾಲಿಗೆ ಒಂದೂ ಪ್ರಶ್ನೆ ಹೋಗಲಿಲ್ಲ’ ಎಂದು ಬರೆಯಿರಿ. ಪ್ರಶಿಕ್ಷಣಾರ್ಥಿಗಳು ಅದೇ ದಿನ ಹತ್ತು ನಿಮಿಷ ಕೂತು, ಮುಂದಿನ ಪಾಠದಲ್ಲಿ ಬದಲಿಸಬೇಕಾದ ಒಂದೇ ಒಂದು ಅಂಶ ಯಾವುದೆಂದು ಕೇಳಿ ಡೈರಿಯಲ್ಲಿ ಬರೆದುಕೊಳ್ಳಬೇಕು. ಮುಂದಿನ ಯೋಜನೆಯ ತಲೆಗೆ ಅದೇ ಸಾಲು ಬರಲಿ.

ಸಹಿ, ಶಿಕ್ಕಾಗಳನ್ನು (ಮೊಹರುಗಳನ್ನು) ವಾರವಾರವೂ ಪಡೆಯಿರಿ. ಕೊನೆಯ ದಿನ ಮುಖ್ಯೋಪಾಧ್ಯಾಯರು ಚುನಾವಣೆ ಕೆಲಸಕ್ಕೆ ಹೋಗಿದ್ದರೆ ಕಡತ ಅಲ್ಲೇ ಉಳಿಯುತ್ತದೆ. ಹೊರಡುವ ಮುಂಚೆ ಎಲ್ಲಿಯವರೆಗೆ ಪಾಠವಾಗಿದೆ, ಯಾವ ಮಗುವಿಗೆ ಯಾವುದು ಇನ್ನೂ ಬಾಕಿ ಎಂದು ಒಂದು ಹಾಳೆಯಲ್ಲಿ ಬರೆದು, ಪರೀಕ್ಷೆಯ ಉತ್ತರಪತ್ರಿಕೆಗಳ ಜೊತೆ ತರಗತಿ ಶಿಕ್ಷಕರ ಕೈಗೆ ಕೊಡಿ.