ಗೆಜ್ಜೆ ಕಟ್ಟಿದ ಮೊದಲ ತಿರುಗಾಟ

ಯಕ್ಷಗಾನ ಮೇಳ ಸೇರಿದಾಗ ನನಗೆ 15 ವರ್ಷ. ಊರು ತೀರ್ಥಹಳ್ಳಿ ಕಡೆ. ದೀಪಾವಳಿ ಕಳೆದು ತಿರುಗಾಟ ಶುರುವಾಗುವ ಹೊತ್ತಿಗೆ ಮಾವ ಒಂದು ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಬಡಗು ಶೈಲಿಯ, ಬಯಲಾಟ ಮೇಳಕ್ಕೆ ಬಿಟ್ಟು ಬಂದರು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಕಂಬಳಿ.

ಹೊಸ ಹುಡುಗರಿಗೆ ಮೊದಲು ಕೋಡಂಗಿ ಅನ್ನುವ ಹಾಸ್ಯದ ವೇಷ, ಆಮೇಲೆ ಬಾಲಗೋಪಾಲ. ಬಲರಾಮ, ಕೃಷ್ಣರಾಗಿ ಇಬ್ಬರು ಹುಡುಗರು ಪೂರ್ವರಂಗದಲ್ಲಿ, ಅಂದರೆ ಕಥೆ ಶುರುವಾಗುವ ಮೊದಲು, ಕುಣಿಯುವ ವೇಷ ಅದು. ಆಗ ಜನ ಇನ್ನೂ ಊಟ ಮುಗಿಸಿ ಚಾಪೆ ಹಿಡಿದು ಬರ್ತಾ ಇರ್ತಾರೆ. ಆದರೆ ಕಾಲು ಹದಕ್ಕೆ ಬರುವುದು ಅಲ್ಲೇ. ಈಗ ಎಷ್ಟೋ ಕಡೆ ಹೊತ್ತಿಲ್ಲ ಅಂತ ಪೂರ್ವರಂಗವನ್ನೇ ಬಿಡುತ್ತಾರೆ. ನನಗದು ತುಂಬಾ ಬೇಜಾರು. ಕಲಿಯುವ ಮಕ್ಕಳು ಮತ್ತೆಲ್ಲಿ ಕುಣಿಯಬೇಕು, ಹೇಳಿ?

ತಾಳವೇ ನನಗೆ ಕಷ್ಟವಾಗಿತ್ತು. ಏಕತಾಳ ಸರಿ, 4 ಎಣಿಸಿದರೆ ಆಯ್ತು. ತ್ರಿವುಡೆಯ 7, ಝಂಪೆಯ 10 ಬಂದರೆ ಹೆಜ್ಜೆ ತಪ್ಪುತ್ತಿತ್ತು. ನನ್ನ ವೇಷ ಬೇಗ ಮುಗಿಯುತ್ತಿತ್ತು, ವೇಷ ಕಟ್ಟುವ ಚೌಕಿಗೆ ಹೋಗಿ ಮಲಗಬಹುದಿತ್ತು. ಮಲಗಲಿಲ್ಲ. ಮದ್ದಳೆಯವರ ಪಕ್ಕ ಕಂಬಳಿ ಹೊದ್ದು ಬೆಳಗಿನವರೆಗೂ ಕೂರುತ್ತಿದ್ದೆ. ಕಂಬಳಿಯೊಳಗೆ ಕಾಲ ಹೆಬ್ಬೆರಳು ತಾಳ ಹಾಕುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಎಣಿಸುವುದು ತಾನಾಗಿ ನಿಂತಿತು. ಹಾಡುವ ಭಾಗವತರು ಪದ ಎತ್ತಿದರೆ ಬಿಡ್ತಿಗೆ, ಅಂದರೆ ಮುಕ್ತಾಯದ ಪೆಟ್ಟು, ಎಲ್ಲಿ ಬೀಳುತ್ತದೆ ಅಂತ ಕಾಲಿಗೇ ಗೊತ್ತಾಗುತ್ತಿತ್ತು.

ಹುಲಿಕಲ್ ಘಾಟಿ ಹತ್ತಿ ನಗರ ಅನ್ನುವ ಊರಿನ ಕಡೆ ಬಂದರೆ ಚಳಿಯೋ ಚಳಿ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ನಡುರಾತ್ರಿ ಕಳೆದರೆ ಇಬ್ಬನಿಗೆ ಚಂಡೆಯ ಚರ್ಮ ಸಡಿಲಾಗಿ ದನಿ ಇಳಿಯುತ್ತದೆ, ಬೆಂಕಿಗೆ ಹಿಡಿದು ಕಾಯಿಸಬೇಕು. ಬಣ್ಣ ತೆಗೆಯುವ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿ. ಮೊದಲ ದಿನ ನಾನು ಬಾಟಲಿ ಬೋರಲು ಹಿಡಿದು ಸುಮ್ನೆ ನಿಂತಿದ್ದೆ. ಹಿರಿಯ ಸ್ತ್ರೀವೇಷದವರೊಬ್ಬರು ಕಡ್ಡಿಯಿಂದ ಕೆದಕಿ, ಅಂಗೈಯಲ್ಲಿ ಉಜ್ಜಿ ಕರಗಿಸಿ, ನನ್ನ ಮುಖಕ್ಕೆ ಹಚ್ಚಿದರು. ಕಣ್ಣು ಮುಚ್ಚು ಅಂದರು. ಆ ಬಿಸಿ ಅಂಗೈ ಇವತ್ತಿಗೂ ನೆನಪಿದೆ. ಅವತ್ತಿನಿಂದ ರಾತ್ರಿಯೆಲ್ಲ ಬಾಟಲಿಯನ್ನು ಕಂಬಳಿಯೊಳಗೇ ಇಟ್ಟುಕೊಳ್ಳುತ್ತಿದ್ದೆ.

ಮೊಣಕಾಲೂರಿ ಸುತ್ತುವ ಮಂಡಿ ಕುಣಿತವನ್ನು ಹಗಲು ಕಲಿತೆ. ಆಟ ಆಡಿಸಿದ ಮನೆಯ ಜಗುಲಿಯಲ್ಲಿ ಎಲ್ಲರೂ ಮಲಗಿರುತ್ತಿದ್ದರು. ನಾನು ಹಿತ್ತಿಲಲ್ಲಿ ಮೊಣಕಾಲಿಗೆ ಬೈರಾಸು, ಅಂದರೆ ಟವೆಲು, ಕಟ್ಟಿ ಸುತ್ತುತ್ತಿದ್ದೆ. ಮೊದಲು ಒಂದೇ ಸುತ್ತು. ಅದು ಹಗುರಾದ ಮೇಲೆ ಎರಡು.

ಹೊಸನಗರದ ಹತ್ತಿರ ಒಂದು ರಾತ್ರಿ ಲವನ ವೇಷದವರಿಗೆ ಜ್ವರ. ನನಗೆ ಕಟ್ಟಿದರು. ಹುಮ್ಮಸ್ಸು ಜಾಸ್ತಿ ಅಲ್ವಾ, ಮಂಡಿ ಹಾಕುತ್ತಲೇ ಹೋದೆ. ಐದನೇ ಸುತ್ತಿಗೆ ಭತ್ತದ ಕೂಳೆ ಮೊಣಕಾಲಿಗೆ ಚುಚ್ಚಿತು. ಏಳಲಾಗಲಿಲ್ಲ. ಭಾಗವತರು ಮುಂದಿನ ಸಾಲಿಗೆ ಹೋಗದೆ ಅದೇ ಸಾಲನ್ನು ಮತ್ತೆ ಎತ್ತಿದರು, ಇನ್ನೊಮ್ಮೆ ಎತ್ತಿದರು. ಮೂರನೇ ಸಲಕ್ಕೆ ನಾನು ಎದ್ದು ನಿಂತಿದ್ದೆ. ಕೂತವರಿಗೆ ಏನೂ ತಿಳಿಯಲಿಲ್ಲ.

ಬೆಳಿಗ್ಗೆ ಚಾ ಕುಡಿಯುವಾಗ ಭಾಗವತರು ನನ್ನ ಮೊಣಕಾಲು ನೋಡಿದರು. "ನಾಳೆ ಎರಡೇ ಸುತ್ತು ಸಾಕು" ಅಂದರು.