ಫಾರ್ಮಸಿ ಓದದ ಮ್ಯಾನೇಜರ್ ಕೈಕೆಳಗೆ ಫಾರ್ಮಸಿಸ್ಟ್ ಕೆಲಸ ಮಾಡುವುದು ಹೇಗೆ?

ಕಾರವಾರ, ಕುಮಟಾ, ಶಿರಸಿಯ ದೊಡ್ಡ ಮೆಡಿಕಲ್‌ಗಳಲ್ಲಿ ಕೌಂಟರಿನಲ್ಲಿ ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಮಾಡಿದ ಹುಡುಗರು ಇರುತ್ತಾರೆ, ಅವರ ಮೇಲೆ ಬಿ.ಕಾಂ ಅಥವಾ ಎಂಬಿಎ ಮಾಡಿದ ಮ್ಯಾನೇಜರ್. ಇದು ಸರಿಯಾ ಅಂತ ಹೊಸಬರು ಕೇಳುತ್ತಾರೆ. ನನ್ನ ಪ್ರಕಾರ ಅಂಗಡಿಯನ್ನು ಅವರು ನೋಡಿಕೊಳ್ಳಲಿ, ಡಾಕ್ಟರ್ ಚೀಟಿಯ ವಿಷಯದಲ್ಲಿ ಮಾತ್ರ ಅವರ ಮಾತು ನಡೆಯಬಾರದು. ಇಷ್ಟನ್ನು ಜಗಳ ಮಾಡದೆ ಸಾಧಿಸುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ. ಮೆಡಿಕಲ್ ಮಾಲೀಕ ಫಾರ್ಮಸಿ ಓದಿರಲೇಬೇಕು ಅಂತ ಇಲ್ಲ, ಮ್ಯಾನೇಜರ್ ಕೂಡ ಅಷ್ಟೇ. ಆದರೆ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಚೀಟಿಯ ಮೇಲೆ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಕೆಲಸ. 1945ರ ಔಷಧ ನಿಯಮಗಳ 65ನೇ ನಿಯಮವೂ ಫಾರ್ಮಸಿಸ್ಟ್ ಖುದ್ದು ಉಸ್ತುವಾರಿಯಲ್ಲೇ ಅದು ನಡೆಯಬೇಕು ಅನ್ನುತ್ತದೆ. ಅಂದರೆ ಆ ಒಂದು ಕೆಲಸದ ಮಟ್ಟಿಗೆ ಉಸ್ತುವಾರಿ ನಿಮ್ಮದು, ಸಂಬಳ ಕೊಡುವವರು ಯಾರೇ ಇರಲಿ.

ಕೆಲಸಕ್ಕೆ ಸೇರುವ ದಿನವೇ ಇದನ್ನು ಕಾಗದದ ಮೇಲೆ ತನ್ನಿ. ಆಫರ್ ಲೆಟರ್‌ನಲ್ಲಿ ಒಂದೇ ಸಾಲು ಸಾಕು: 'ಚೀಟಿ ಪರಿಶೀಲನೆ ಮತ್ತು ಔಷಧಿ ವಿತರಣೆಯ ತೀರ್ಮಾನ ಫಾರ್ಮಸಿಸ್ಟ್‌ದು.' ಹೆಚ್ಚಿನ ಕಡೆ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ, ತಕರಾರು ಮಾಡಿದರೆ ಅಲ್ಲಿನ ಕತೆ ನಿಮಗೆ ಅವತ್ತೇ ಗೊತ್ತಾಯಿತಲ್ವಾ. ರಜೆ, ಶಿಫ್ಟ್, ಕ್ಯಾಶ್, ಸ್ಟಾಕಿಸ್ಟ್ (ಸಗಟು ಔಷಧಿ ವ್ಯಾಪಾರಿ) ಜೊತೆ ಚೌಕಾಸಿ, ಎಕ್ಸ್‌ಪೈರಿ ಮಾಲು ವಾಪಸ್ ಕಳಿಸುವ ಲೆಕ್ಕ ಎಲ್ಲ ಅವರಿಗೇ ಬಿಡಿ. ನಿಜ ಹೇಳಬೇಕೆಂದರೆ ಅದರಲ್ಲಿ ಅವರೇ ನಮಗಿಂತ ಜಾಣರು.

ಜಗಳ ಹುಟ್ಟುವುದು ಬದಲಿ ಔಷಧಿಯ ವಿಷಯದಲ್ಲಿ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಇಲ್ಲಾ ಗೋವಾಕ್ಕೆ ಹೋಗುತ್ತಾರೆ. ಅಲ್ಲಿಯ ಡಾಕ್ಟರ್ ಬರೆದ ಬ್ರ್ಯಾಂಡ್ ಇಲ್ಲಿ ಸಿಗುವುದಿಲ್ಲ. ಮ್ಯಾನೇಜರ್ ಕಂಪ್ಯೂಟರ್ ನೋಡಿ 'ಅದೇ ಔಷಧಿ ಇದೆಯಲ್ಲ, ಕೊಟ್ಟು ಕಳಿಸು' ಅನ್ನುತ್ತಾರೆ. ಶೆಡ್ಯೂಲ್ ಹೆಚ್, ಹೆಚ್1, ಎಕ್ಸ್ (ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗಳು) ಇವುಗಳಲ್ಲಿನ ಔಷಧಿ ಇರುವ ಚೀಟಿಗೆ ಬೇರೆಯದನ್ನು ಬದಲಿ ಕೊಡುವಂತಿಲ್ಲ, ಅದೂ ನಿಯಮ 65ರಲ್ಲೇ ಇದೆ. ಆದರೆ ನಿಯಮದ ನಂಬರ್ ಹೇಳಿದರೆ ಮ್ಯಾನೇಜರ್‌ಗೆ ಸಿಟ್ಟು ಬರುತ್ತದೆ ಅಷ್ಟೇ. ಕಾರಣ ಹೇಳಿ. ಒಬ್ಬ ಅಜ್ಜಿಯ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ 1 ಎಂಜಿ ಮತ್ತು ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. 2 ಎಂಜಿಯದು ಇದೆ, ಅರ್ಧ ಮಾಡಿ ತಿನ್ನಲಿ ಅಂತ ಹೇಳುವುದು ಸುಲಭ. ಆ ಮಾತ್ರೆ ಮುರಿದರೆ ಮೆಟ್‌ಫಾರ್ಮಿನ್ ನಿಧಾನವಾಗಿ ಬಿಡುಗಡೆಯಾಗುವ ವ್ಯವಸ್ಥೆಯೇ ಹಾಳಾಗಬಹುದು. ಮುರಿಯಲು ಮರೆತು ಪೂರ್ತಿ ನುಂಗಿದರೆ, ಊಟವೂ ತಪ್ಪಿದ್ದರೆ, ಅಜ್ಜಿಗೆ ರಾತ್ರಿ ಸಕ್ಕರೆ ಕುಸಿದು ಆಸ್ಪತ್ರೆ ಸೇರಬೇಕಾದೀತು. ಇದನ್ನು ಹೀಗೇ ಹೇಳಿದರೆ ಯಾವ ಮ್ಯಾನೇಜರ್‌ಗೂ ಅರ್ಥವಾಗುತ್ತದೆ. ಹೇಳಿ ಸುಮ್ನೆ ನಿಲ್ಲಬೇಡಿ, ದಾರಿಯನ್ನೂ ತೋರಿಸಿ: ಚೀಟಿಯ ಮೇಲಿನ ನಂಬರಿಗೆ ಫೋನ್ ಮಾಡಿ ಡಾಕ್ಟರನ್ನು ಕೇಳುತ್ತೇನೆ, ಇಲ್ಲದಿದ್ದರೆ ಹುಬ್ಬಳ್ಳಿ ಸ್ಟಾಕಿಸ್ಟ್‌ಗೆ ಹೇಳಿ ಸಂಜೆ ಬಸ್ಸಿಗೆ ಹಾಕಿಸೋಣ. ಗಿರಾಕಿ ಕೈತಪ್ಪುವುದಿಲ್ಲ ಅಂತ ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರಡನೆಯದು ಸ್ಪೀಡ್. ಸಂಜೆ ಆರರ ಮೇಲೆ ಕ್ಯೂ ಬೆಳೆಯುತ್ತದೆ, 'ಬಿಲ್ ಬೇಗ ಮಾಡು' ಅಂತ ಹಿಂದಿನಿಂದ ಕೂಗು. ಎಲ್ಲ ಚೀಟಿಗೂ ಒಂದೇ ಸಮಯ ಬೇಕಿಲ್ಲ, ಅದನ್ನು ನೀವೂ ಒಪ್ಪಿಕೊಳ್ಳಿ. ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿ. ಆದರೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬಂದರೆ ಕ್ಯೂ ಕಾಯಲಿ. ಅದು ವಾರಕ್ಕೆ ಒಂದೇ ದಿನ ನುಂಗುವ ಔಷಧಿ, ದಿನಾ ನುಂಗಿದರೆ ಜೀವ ಹೋಗಬಹುದು. ವಾರದ ಯಾವ ದಿನ ಅಂತ ಕವರ್ ಮೇಲೆ ದೊಡ್ಡದಾಗಿ ಬರೆದು, ಅವರ ಬಾಯಲ್ಲೇ ಒಮ್ಮೆ ಹೇಳಿಸಿ. ಕಾರವಾರದ ಕಡೆ ಆದರೆ ಭಾನುವಾರಕ್ಕೆ ಕೊಂಕಣಿಯಲ್ಲಿ 'ಆಯ್ತಾರ' ಅಂತಲೂ ಹೇಳಿಬಿಡಿ. ಇಂಥ ಔಷಧಿಗಳ ಚಿಕ್ಕ ಪಟ್ಟಿ ಮಾಡಿ ಮ್ಯಾನೇಜರ್ ಕೈಗೆ ಮೊದಲೇ ಕೊಟ್ಟಿಡಿ, ಯಾವುದಕ್ಕೆ ಯಾಕೆ ತಡ ಅಂತ ಅವರೇ ಕ್ಯೂನವರಿಗೆ ಸಮಾಧಾನ ಹೇಳಲಿ.

ಟಾರ್ಗೆಟ್ ವಿಷಯ ಚಿಕ್ಕದು. ಬಿಪಿ ಮಷಿನ್, ಸಾಬೂನು, ಡೈಪರ್ ಮೇಲೆ ಎಷ್ಟು ಬೇಕಾದರೂ ಟಾರ್ಗೆಟ್ ಇಡಲಿ. ಆಂಟಿಬಯೋಟಿಕ್, ನಿದ್ದೆ ಮಾತ್ರೆ ಮೇಲೆ ಬೇಡ. ಆತಂಕ, ನಿದ್ದೆಗೆ ಕೊಡುವ ಅಲ್ಪ್ರಾಝೋಲಾಂ ಹೆಚ್1 ಪಟ್ಟಿಯಲ್ಲಿದೆ. ಡಾಕ್ಟರ್ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿರಿ ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. 'ಪರಿಚಯದವರು, ಚೀಟಿ ಇಲ್ಲದಿದ್ದರೂ ಕೊಡು' ಅಂದಾಗ ಆ ರಿಜಿಸ್ಟರನ್ನೇ ಮುಂದೆ ಇಟ್ಟು 'ಡಾಕ್ಟರ್ ಹೆಸರು ಏನಂತ ಬರೆಯಲಿ ಸರ್?' ಅಂತ ಕೇಳಿ.

ಮಳೆಗಾಲದಲ್ಲಿ ಫ್ರಿಜ್ ಕಡೆ ಗಮನ ಇರಲಿ. ಘಟ್ಟದ ಮೇಲೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಗಟ್ಟಿಯಾದರೂ ಕೆಟ್ಟಿತು. ಮ್ಯಾನೇಜರ್‌ಗೆ ಇನ್ವರ್ಟರ್ ಅಂದರೆ ಬರೀ ಖರ್ಚು. ಬಾಯಲ್ಲಿ ಕೇಳಬೇಡಿ, ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ಸಂಜೆ ಬರೆದಿಡಿ, ಫ್ರಿಜ್‌ನಲ್ಲಿರುವ ಮಾಲಿನ ಬೆಲೆಯನ್ನೂ ಪಕ್ಕದಲ್ಲೇ ಬರೆಯಿರಿ. ಲೆಕ್ಕ ನೋಡುವವರಿಗೆ ಲೆಕ್ಕವೇ ಬೇಗ ಅರ್ಥವಾಗುತ್ತದೆ.

ಇಷ್ಟಾಗಿಯೂ ಒತ್ತಾಯ ಮಾಡಿದರೆ? ಗಿರಾಕಿ ಎದುರು ವಾದ ಬೇಡ. ಔಷಧಿ ಕೊಡಬೇಡಿ, ಅದೇ ದಿನ ವಾಟ್ಸಾಪ್ ಮಾಡಿ: 'ಸರ್, ಇವತ್ತು ಈ ಔಷಧಿ ಚೀಟಿ ಇಲ್ಲದೆ ಕೇಳಿದ್ದರು, ಕೊಡಲಿಲ್ಲ.' ಬೈಗುಳ, ಉಪದೇಶ ಏನೂ ಸೇರಿಸಬೇಡಿ. ವರ್ಷದ ಕೊನೆಗೆ ನಿಮ್ಮ ಕೆಲಸ ಅಳೆಯುವಾಗ ಚೀಟಿ ನೋಡುವ ಭಾಗವನ್ನು ಇನ್ನೊಬ್ಬ ಹಿರಿಯ ಫಾರ್ಮಸಿಸ್ಟ್ ನೋಡಲಿ ಅಂತ ಕೇಳಿ. ಫಾರ್ಮಸಿ ಓದಿದ ಬಾಸ್ ಇದ್ದರೆ ಎಲ್ಲ ಸರಿ ಇರುತ್ತದೆ ಅಂತಲೂ ಅಲ್ಲ, ಎಲ್ಲ ಗೊತ್ತಿದ್ದೂ ಕಣ್ಣು ಮುಚ್ಚುವವರು ಇನ್ನೂ ಕಷ್ಟ.

ನೀವು ಇಲ್ಲದಾಗಲೂ ನಿಮ್ಮ ಸರ್ಟಿಫಿಕೇಟ್ ಗೋಡೆಯ ಮೇಲೆ ನೇತಾಡಿಸಿ ಚೀಟಿ ಔಷಧಿ ಮಾರುತ್ತಿದ್ದಾರೆ ಅಂತ ಗೊತ್ತಾದರೆ ಮಾತುಕತೆಗೆ ಜಾಗ ಇಲ್ಲ, ಬಿಟ್ಟುಬಿಡಿ. ರಾಜೀನಾಮೆಗೆ ತಾರೀಕು ಹಾಕಿ, ಅದರ ಪ್ರತಿಯನ್ನು ಔಷಧ ನಿಯಂತ್ರಣ ಇಲಾಖೆಗೂ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸರ್ಟಿಫಿಕೇಟ್ ನಿಮ್ಮ ಕೈಗೆ ಬಂದ ಮೇಲೆಯೇ ಅಂಗಡಿಯಿಂದ ಹೊರಡಿ.